ಸರತಿಯ ವಿಳಂಬ ದೇವರ ತೀರ್ಪಲ್ಲ: ದತ್ತು ಮಗುವಿಗಾಗಿ ಕಾಯುತ್ತಿರುವ ಸಹೋದರಿಗೆ ಉತ್ತರ

ಪ್ರಶ್ನೆ: ನಾನು ದಾವಣಗೆರೆಯವಳು, ಮದುವೆಯ ನಂತರ ಅಮೆರಿಕದ ಟೆಕ್ಸಾಸ್‌ನಲ್ಲಿ ನೆಲೆಸಿದ್ದೇನೆ. ಪತಿ ಅಲ್ಲಿಯ ಪೌರರು, ನನ್ನದು ಈಗಲೂ ಭಾರತದ ಪಾಸ್‌ಪೋರ್ಟ್. ಇಬ್ಬರೂ ಕಥೋಲಿಕ ಕುಟುಂಬದವರು. ಭಾರತದಿಂದ ಎರಡು ವರ್ಷದೊಳಗಿನ ಮಗುವನ್ನು ದತ್ತು ಪಡೆಯಲು ಹೆಸರು ನೋಂದಾಯಿಸಿ ಎರಡೂವರೆ ವರ್ಷ ದಾಟಿದೆ. ನಡುವೆ ಕಾಗದಪತ್ರಗಳ ಅವಧಿ ಮುಗಿದು ಬೆರಳಚ್ಚು, ಮನೆ ಪರಿಶೀಲನೆ ಎಲ್ಲವನ್ನೂ ಮತ್ತೊಮ್ಮೆ ಮಾಡಿಸಿದೆವು. ಈಗ ತಾಯಿಯ ಮಂಡಿ ಶಸ್ತ್ರಚಿಕಿತ್ಸೆಗೆಂದು ಕೆಲವು ತಿಂಗಳ ಮಟ್ಟಿಗೆ ದಾವಣಗೆರೆಗೆ ಬಂದಿದ್ದೇನೆ. ಚರ್ಚಿನಲ್ಲಿ ಎಲ್ಲರೂ ‘ದೇವರ ಸಮಯ ಬರಬೇಕು’ ಎನ್ನುತ್ತಾರೆ. ತಾಯಿ ಹರಿಹರದ ಆರೋಗ್ಯಮಾತೆಗೆ ಬೆಳ್ಳಿ ತೊಟ್ಟಿಲಿನ ಹರಕೆ ಹೊತ್ತಿದ್ದಾರೆ, ಆದರೆ ‘ಯಾರ ರಕ್ತವೋ ಏನೋ’ ಎಂಬ ಮಾತೂ ಅವರ ಬಾಯಿಂದಲೇ ಬರುತ್ತದೆ. ಅಲ್ಲಿನ ನಮ್ಮ ಚರ್ಚಿನ ಒಂದು ದಂಪತಿ ಚೀನಾದ ಮಗುವಿಗಾಗಿ ವರ್ಷಗಟ್ಟಲೆ ಕಾದು ಕೊನೆಗೆ ಬರಿಗೈಯಲ್ಲಿ ಉಳಿದರು. ಇಲ್ಲಿ ಪರಿಚಯದ ಒಬ್ಬರು, ಆಸ್ಪತ್ರೆಯೊಂದರಲ್ಲಿ ಬೇಡವಾದ ಮಗುವೊಂದು ಹುಟ್ಟಲಿದೆ, ನೀವು ‘ಹೂಂ’ ಎಂದರೆ ನೇರವಾಗಿ ಕೊಡಿಸುತ್ತೇವೆ, ಇದು ದೇವರೇ ತೆರೆದ ಬಾಗಿಲು ಎನ್ನುತ್ತಿದ್ದಾರೆ. ನನಗೆ ಪ್ರಾರ್ಥಿಸಲು ಆಗುತ್ತಿಲ್ಲ. ಬೈಬಲ್ಲಿನಲ್ಲಿ ಮಗುವಿಗಾಗಿ ಅತ್ತು ಬೇಡಿದ ಹನ್ನಳ ಕಥೆ ಕೇಳಿದರೆ ಸಿಟ್ಟು ಬರುತ್ತದೆ. ನನ್ನ ವಿಶ್ವಾಸ ಸತ್ತಿದೆಯೇ? ದೇವರು ನಮಗೆ ‘ಬೇಡ’ ಎನ್ನುತ್ತಿದ್ದಾರೆಯೇ? ಹೆಸರು ಹಿಂತೆಗೆದುಕೊಳ್ಳಬೇಕೇ?

ಉತ್ತರ:

ಪ್ರಿಯ ಸಹೋದರಿ,

ನಿಮ್ಮ ಪತ್ರದಲ್ಲಿರುವ ಪ್ರಶ್ನೆಗಳಲ್ಲಿ ಆಸ್ಪತ್ರೆಯ ಮಗುವಿನ ವಿಷಯವನ್ನು ಮೊದಲು ಎತ್ತಿಕೊಳ್ಳುತ್ತೇನೆ. ಉಳಿದವುಗಳ ಬಗ್ಗೆ ನಿಧಾನವಾಗಿ ಯೋಚಿಸಬಹುದು, ಇದಕ್ಕೆ ಮಾತ್ರ ಇಂದೇ ಉತ್ತರ ಕೊಡಬೇಕಾಗಿದೆ. ಆ ಪರಿಚಯದವರಿಗೆ ‘ಬೇಡ’ ಎಂದು ಸ್ಪಷ್ಟವಾಗಿ ಹೇಳಿಬಿಡಿ. ಬಾಲನ್ಯಾಯ ಕಾಯ್ದೆ 2015ರ 80ನೇ ಕಲಮಿನ ಪ್ರಕಾರ, ಅನಾಥ ಮಗುವನ್ನಾಗಲಿ ಹೆತ್ತವರು ಬಿಟ್ಟುಹೋದ ಅಥವಾ ಒಪ್ಪಿಸಿದ ಮಗುವನ್ನಾಗಲಿ ಕಾಯ್ದೆಯ ಕ್ರಮವನ್ನು ಬಿಟ್ಟು ದತ್ತು ಕೊಡುವುದೂ ಪಡೆಯುವುದೂ ಮೂರು ವರ್ಷಗಳವರೆಗಿನ ಸೆರೆವಾಸ, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದಾದ ಅಪರಾಧ. ‘ಹೆರಿಗೆ ಖರ್ಚು’ ಎಂಬ ಹೆಸರಿನಲ್ಲಿ ಹಣ ಕೈ ಬದಲಾದರೆ ಅದು 81ನೇ ಕಲಮಿನ ಕೆಳಗೆ ಮಗುವಿನ ಮಾರಾಟವೇ ಆಗುತ್ತದೆ. ಅದಕ್ಕೆ ಐದು ವರ್ಷಗಳವರೆಗಿನ ಕಠಿಣ ಸೆರೆವಾಸವಿದೆ, ಆಸ್ಪತ್ರೆಯ ಸಿಬ್ಬಂದಿ ಭಾಗಿಯಾಗಿದ್ದರೆ ಅವರಿಗೆ ಮೂರರಿಂದ ಏಳು ವರ್ಷ. ಇದೆಲ್ಲದರ ಮೇಲೆ ನಿಮಗೆ ಇನ್ನೊಂದು ಗೋಡೆ ಅಡ್ಡ ಬರುತ್ತದೆ. ಅಂತರರಾಷ್ಟ್ರೀಯ ದತ್ತುವಿಗೆ ಸಂಬಂಧಿಸಿದ 1993ರ ಹೇಗ್ ಒಪ್ಪಂದ ಭಾರತದಲ್ಲಿ 2003ರಿಂದ, ಅಮೆರಿಕದಲ್ಲಿ 2008ರಿಂದ ಜಾರಿಯಲ್ಲಿದೆ. ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ಕಾರಾದ ನಿರಾಕ್ಷೇಪಣಾ ಪತ್ರವಿಲ್ಲದೆ ಆ ಮಗು ನಿಮ್ಮೊಡನೆ ಅಮೆರಿಕದ ನೆಲ ಮೆಟ್ಟುವಂತಿಲ್ಲ.

ಆ ಪರಿಚಯದವರ ಉದ್ದೇಶ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆ ಗರ್ಭಿಣಿಯ ಬಗ್ಗೆ ಅವರಿಗೆ ನಿಜವಾದ ಕಾಳಜಿ ಇದ್ದರೆ ಮಾಡಬೇಕಾದ ಕೆಲಸ ಬೇರೆಯೇ ಇದೆ: ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲಿ, ಇಲ್ಲವೇ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಲು ಆಕೆಗೆ ನೆರವಾಗಲಿ. ಅಲ್ಲಿ ಮಗುವನ್ನು ಒಪ್ಪಿಸಿದ ಮೇಲೂ ತನ್ನ ತೀರ್ಮಾನವನ್ನು ಮರುಪರಿಶೀಲಿಸಲು ಕಾನೂನು ಆಕೆಗೆ ಎರಡು ತಿಂಗಳ ಕಾಲಾವಕಾಶ ಕೊಡುತ್ತದೆ. ಹೆರಿಗೆ ಕೋಣೆಯಿಂದಲೇ ಮಗುವನ್ನು ಸಾಗಿಸುವವರು ಆಕೆಯಿಂದ ಕಸಿದುಕೊಳ್ಳುವುದು ಈ ಎರಡು ತಿಂಗಳನ್ನೇ.

‘ದೇವರು ತೆರೆದ ಬಾಗಿಲು’ ಎಂಬ ಮಾತಿನ ಬಗ್ಗೆ ನನಗೆ ಮೊದಲಿನಿಂದಲೂ ಭಯವಿದೆ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಅಮೆರಿಕದ ಹತ್ತು ಮಂದಿ ಬ್ಯಾಪ್ಟಿಸ್ಟ್ ವಿಶ್ವಾಸಿಗಳು 33 ಮಕ್ಕಳನ್ನು ಸರಿಯಾದ ಕಾಗದಪತ್ರಗಳಿಲ್ಲದೆ ಗಡಿ ದಾಟಿಸಲು ಹೋಗಿ ಬಂಧನಕ್ಕೊಳಗಾದರು. ದೇವರ ಕರೆಯೆಂದು ನಂಬಿಯೇ ಅವರು ಹೊರಟಿದ್ದರು, ಆದರೆ ಆ ಮಕ್ಕಳಲ್ಲಿ ಬಹುಪಾಲು ಅನಾಥರೇ ಆಗಿರಲಿಲ್ಲ, ಅವರಿಗೆ ಹೆತ್ತವರಿದ್ದರು. ಕಾದು ಕಾದು ಸುಸ್ತಾದ ಮನಸ್ಸಿಗೆ ಸುಲಭವಾಗಿ ಕಾಣುವ ದಾರಿಯೆಲ್ಲ ದೈವಪ್ರೇರಣೆಯಂತೆಯೇ ತೋರುತ್ತದೆ. ಆದ್ದರಿಂದ ಪ್ರೇರಣೆಯ ಬಲವನ್ನು ನಂಬುವ ಮೊದಲು, ಆ ದಾರಿಯಲ್ಲಿ ಯಾರ ಹಕ್ಕು ತುಳಿಯಲ್ಪಡುತ್ತಿದೆ ಎಂದು ನೋಡಿಕೊಳ್ಳಬೇಕು.

ಇನ್ನು ನಿಮ್ಮ ಮುಖ್ಯ ಸಂಕಟಕ್ಕೆ ಬರೋಣ. ದೇವರು ‘ಬೇಡ’ ಎನ್ನುತ್ತಿದ್ದಾರೆಯೇ ಎಂದು ಕೇಳಿದ್ದೀರಿ. ಈ ವಿಳಂಬದ ಕಾರಣಗಳು ಆಕಾಶದಲ್ಲಿಲ್ಲ. ಬಹುಮಟ್ಟಿಗೆ ಅವು ಲೆಕ್ಕದ ಪುಸ್ತಕದಲ್ಲೇ ಸಿಗುತ್ತವೆ. 2024-25ರ ಸಾಲಿನಲ್ಲಿ ಕಾರಾದ ಮೂಲಕ ನಡೆದ ದತ್ತುಗಳು ಒಟ್ಟು 4,515. ಅವುಗಳಲ್ಲಿ 4,155 ದೇಶದೊಳಗೇ ಆದವು. ಇತ್ತ ಹೆಸರು ನೋಂದಾಯಿಸಿ ಕಾಯುತ್ತಿರುವ ಕುಟುಂಬಗಳು 30,000ಕ್ಕೂ ಹೆಚ್ಚು. ಅವರಲ್ಲಿ ಅತಿ ಹೆಚ್ಚಿನವರು ಕೇಳುವುದು ನೀವು ಕೇಳಿರುವಂತೆಯೇ ಎರಡು ವರ್ಷದೊಳಗಿನ ಆರೋಗ್ಯವಂತ ಮಗುವನ್ನು. ದತ್ತುವಿಗೆ ಲಭ್ಯವಿರುವ ಮಕ್ಕಳಲ್ಲಿ ಅನೇಕರಾದರೋ ದೊಡ್ಡ ವಯಸ್ಸಿನವರು ಅಥವಾ ವಿಶೇಷ ಆರೈಕೆ ಬೇಕಾದವರು. ಅನಿವಾಸಿ ಭಾರತೀಯರನ್ನು ಸರತಿಯಲ್ಲಿ ದೇಶದೊಳಗಿನವರಿಗೆ ಸಮಾನವಾಗಿ ಪರಿಗಣಿಸಲಾಗುತ್ತದೆ. ದಂಪತಿಗಳಲ್ಲಿ ಒಬ್ಬರು ವಿದೇಶಿ ಪೌರರಾದರೂ ಇನ್ನೊಬ್ಬರು ಭಾರತೀಯರಾಗಿದ್ದರೆ ಇದೇ ನಿಯಮ ಅನ್ವಯಿಸುವುದರಿಂದ ನಿಮ್ಮ ಭಾರತದ ಪಾಸ್‌ಪೋರ್ಟ್ ನಿಮ್ಮನ್ನು ಹಿಂದೆ ತಳ್ಳಿಲ್ಲ, ನಿಮಗೆ ನೆರವೇ ಆಗಿದೆ. ಹೀಗಿರುವಾಗ ಮೂರು ವರ್ಷ, ಮೂರೂವರೆ ವರ್ಷ ಕಾಯುವುದು ಈ ಸರತಿಯ ಸಾಮಾನ್ಯ ಸ್ವಭಾವವೇ ಹೊರತು ನಿಮ್ಮ ಮೇಲಿನ ಅವಕೃಪೆಯಲ್ಲ. ಅಮೆರಿಕದ ಕಡೆಯ ಅನುಮೋದನೆಗೆ 15 ತಿಂಗಳ ಅವಧಿಯಷ್ಟೇ ಇರುವುದರಿಂದ ಇಷ್ಟು ಉದ್ದದ ಸರತಿಯಲ್ಲಿ ಅದು ನಡುವೆ ಮುಗಿಯುವುದೂ ಸಹಜ. ಬೆರಳಚ್ಚು ಮತ್ತೆ ಕೊಡಬೇಕಾಗಿ ಬಂದದ್ದನ್ನು ಅಪಶಕುನವೆಂದು ಎಣಿಸಬೇಡಿ.

ನಿಮ್ಮ ಚರ್ಚಿನ ಆ ದಂಪತಿಯ ಪ್ರಕರಣವೂ ಹೀಗೆಯೇ. 2024ರ ಸೆಪ್ಟೆಂಬರ್‌ನಲ್ಲಿ ಚೀನಾ ಸರ್ಕಾರ, ರಕ್ತಸಂಬಂಧಿಗಳ ಕೆಲವು ಪ್ರಕರಣಗಳನ್ನು ಬಿಟ್ಟು, ತನ್ನ ಮಕ್ಕಳನ್ನು ವಿದೇಶಿಯರಿಗೆ ದತ್ತು ಕೊಡುವುದನ್ನು ನಿಲ್ಲಿಸಿತು. 1990ರ ದಶಕದ ಆರಂಭದಿಂದ ಅಲ್ಲಿಂದ 1,60,000ಕ್ಕೂ ಹೆಚ್ಚು ಮಕ್ಕಳು ಹೊರದೇಶಗಳಿಗೆ ಹೋಗಿದ್ದರು. ಇಥಿಯೋಪಿಯಾ 2018ರಲ್ಲಿ ಬಾಗಿಲು ಹಾಕಿತು, ರಷ್ಯಾ 2013ರ ಆರಂಭದಿಂದ ಅಮೆರಿಕದವರಿಗೆ ಕೊಡುವುದನ್ನು ನಿಲ್ಲಿಸಿತು. ಇವೆಲ್ಲ ಸರ್ಕಾರಗಳ ತೀರ್ಮಾನಗಳು. ಮಗುವಿನ ಭಾವಚಿತ್ರವನ್ನೂ ನೋಡಿ, ಕೊನೆಗೆ ಆ ಮಗು ಬರುವುದಿಲ್ಲ ಎಂದು ಕೇಳಿದ ದಂಪತಿಗೆ ‘ದೇವರ ಚಿತ್ತ’ ಎಂದು ಹೇಳುವವರು, ಆಳುವವರ ಸಹಿಯನ್ನು ದೇವರ ಕೈಬರಹವೆಂದು ಓದುತ್ತಿದ್ದಾರೆ. ಹಾಗೆ ಓದುವ ಅಧಿಕಾರ ಅವರಿಗೂ ಇಲ್ಲ, ನನಗೂ ಇಲ್ಲ.

ಹಾಗಾದರೆ ಈ ಕಾಯುವಿಕೆಯಲ್ಲಿ ದೇವರಿಗೆ ಕೆಲಸವೇ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಆದರೆ ನೀವು ಹುಡುಕುತ್ತಿರುವ ಜಾಗದಲ್ಲಲ್ಲ ಎಂದು ನನ್ನ ಅಭಿಪ್ರಾಯ. ನೀವು ದೇವರನ್ನು ಸರತಿಯ ಸಂಖ್ಯೆಯಲ್ಲಿ ಹುಡುಕುತ್ತಿದ್ದೀರಿ. ಸಂಖ್ಯೆ ಮುಂದೆ ಸರಿದರೆ ಕೃಪೆ, ನಿಂತರೆ ಮುನಿಸು. ನಾನು ದತ್ತು ಕುಟುಂಬಗಳಿಗೆ ಒಂದು ಪರೀಕ್ಷೆಯನ್ನು ಸೂಚಿಸುತ್ತೇನೆ, ಅದು ನನ್ನ ಇಡೀ ಉತ್ತರದ ತಿರುಳೂ ಹೌದು. ಈ ಕಾಯುವಿಕೆಯ ಬಗ್ಗೆ ನೀವು ದೇವರ ಹೆಸರಿನಲ್ಲಿ ಯಾವ ಮಾತನ್ನು ಆಡುತ್ತೀರೋ ಅದನ್ನು ಹದಿನೈದು ವರ್ಷದ ನಿಮ್ಮ ಮಗಳೋ ಮಗನೋ ಎದುರು ಕುಳಿತಿರುವಾಗ ಆಡಬಲ್ಲಿರಾ? ಆಡಲಾಗದಿದ್ದರೆ ಅದನ್ನು ಈಗ ಪ್ರಾರ್ಥನೆಯಲ್ಲೂ ಆಡಬೇಡಿ.

‘ದೇವರೇ, ನಮ್ಮ ಮಗುವನ್ನು ಬೇಗ ಕೊಡು’ ಎಂಬ ಸರಳ ಪ್ರಾರ್ಥನೆಯನ್ನೇ ಈ ಪರೀಕ್ಷೆಗೆ ಒಡ್ಡಿ ನೋಡಿ. ನಿಮ್ಮ ಕಡೆಯಿಂದ ಅದು ಹಂಬಲ, ಅದರಲ್ಲಿ ತಪ್ಪಿಲ್ಲ. ಮಗುವಿನ ಕಡೆಯಿಂದ ಕೇಳಿದರೆ ಬೇರೆಯೇ ಅರ್ಥ ಹೊರಡುತ್ತದೆ: ಮಗುವೊಂದು ದತ್ತುವಿಗೆ ಬರಬೇಕಾದರೆ ಅದಕ್ಕೆ ಮೊದಲು ಅದು ಒಂದು ತಾಯಿಯನ್ನು ಕಳೆದುಕೊಂಡಿರಬೇಕು. ‘ನಮ್ಮ ಪ್ರಾರ್ಥನೆಗೆ ಉತ್ತರವಾಗಿ ದೇವರು ನಿನ್ನನ್ನು ಕೊಟ್ಟರು’ ಎಂದು ಪ್ರೀತಿಯಿಂದ ಹೇಳಿದ ಮಾತನ್ನು, ‘ನಿಮ್ಮ ಪ್ರಾರ್ಥನೆಗಾಗಿ ದೇವರು ನನ್ನನ್ನು ನನ್ನ ಅಮ್ಮನಿಂದ ಬೇರೆ ಮಾಡಿದರೇ?’ ಎಂದು ಮಕ್ಕಳು ತಿರುಗಿ ಕೇಳುತ್ತಾರೆ. ಕೇಳದೆ ಒಳಗೇ ಇಟ್ಟುಕೊಳ್ಳುವ ಮಕ್ಕಳ ವಿಷಯದಲ್ಲಿ ನನಗೆ ಇನ್ನೂ ಹೆಚ್ಚಿನ ಚಿಂತೆ. ಆದ್ದರಿಂದ ವೇಗಕ್ಕಾಗಿ ಬೇಡುವುದನ್ನು ಸ್ವಲ್ಪ ಕಾಲ ಬದಿಗಿಟ್ಟು, ಮಗುವಿಗಾಗಿಯೂ ಅದನ್ನು ಹೆತ್ತವಳಿಗಾಗಿಯೂ ಬೇಡಲು ಆರಂಭಿಸಿ. ಆಕೆ ಮಗುವನ್ನು ತಾನೇ ಸಾಕುವಂತಾದರೆ ಹಾಗೆಯೇ ಆಗಲಿ ಎಂಬ ಬೇಡಿಕೆಯೂ ಅದರಲ್ಲಿರಲಿ. ಇದು ಕಠಿಣವಾದ ಪ್ರಾರ್ಥನೆ, ಏಕೆಂದರೆ ಇದು ನಿಮ್ಮ ಆಸೆಗೆ ವಿರುದ್ಧವಾಗಿ ನಡೆಯುತ್ತದೆ. ಆದರೂ ಪ್ರಾರ್ಥನೆಯೇ ಆಗುತ್ತಿಲ್ಲ ಎನ್ನುವವರಿಗೆ ನಾನು ಕಂಡಂತೆ ಇದು ಸಾಧ್ಯವಾಗುತ್ತದೆ. ತಮಗಾಗಿ ಬೇಡಿ ಬೇಡಿ ಬರಿದಾದ ಬಾಯಿ ಇನ್ನೊಬ್ಬರಿಗಾಗಿ ತೆರೆಯುತ್ತದೆ.

ಈ ದೃಷ್ಟಿಯಿಂದ ನೋಡಿದರೆ ನಿಮ್ಮ ಕಾಯುವಿಕೆಯ ಒಂದು ಪಾಲಿಗೆ ಅರ್ಥವೂ ಕಾಣುತ್ತದೆ. ಒಪ್ಪಿಸಿದ ತಾಯಿಗೆ ಮರುಯೋಚನೆಗೆ ಎರಡು ತಿಂಗಳು. ಬಿಟ್ಟುಹೋದ ಮಗುವಾದರೆ ಹೆತ್ತವರ ಪತ್ತೆಗಾಗಿ ವಿಚಾರಣೆ. ಎರಡು ವರ್ಷದೊಳಗಿನ ಮಗುವನ್ನು ದತ್ತುವಿಗೆ ಮುಕ್ತವೆಂದು ಘೋಷಿಸಲು ಮಕ್ಕಳ ಕಲ್ಯಾಣ ಸಮಿತಿಗೆ ಎರಡು ತಿಂಗಳವರೆಗೆ, ಅದಕ್ಕಿಂತ ದೊಡ್ಡ ಮಗುವಾದರೆ ನಾಲ್ಕು ತಿಂಗಳವರೆಗೆ ಅವಧಿ. ವಿದೇಶಗಳಿಗೆ ದತ್ತು ಹೋಗುವ ಮಕ್ಕಳ ರಕ್ಷಣೆಗೆ ಸುಪ್ರೀಂ ಕೋರ್ಟ್ 1984ರಲ್ಲಿ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಮಾರ್ಗಸೂಚಿ ಹಾಕಿಕೊಟ್ಟದ್ದೂ, ಅದಕ್ಕೆ ಮೊದಲು ಇಂಥ ಎಚ್ಚರಗಳಿಲ್ಲದೆ ಮಕ್ಕಳು ಕೈದಾಟುತ್ತಿದ್ದುದರಿಂದಲೇ. ಎಲ್ಲ ವಿಳಂಬವೂ ಹೀಗೆ ಪವಿತ್ರವೆಂದು ನಾನು ಹೇಳುವುದಿಲ್ಲ. ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ಕಡತವೂ ಇರುತ್ತದೆ, ಅದಕ್ಕೆ ಮಾಡಬೇಕಾದದ್ದು ವಿಚಾರಣೆಯ ಪತ್ರ ಬರೆಯುವುದು. ಸೋಮಾರಿತನದ ಮುಂದೆ ಸಹನೆ ತೋರುವುದು ಕ್ರೈಸ್ತ ಸದ್ಗುಣಗಳ ಪಟ್ಟಿಯಲ್ಲಿ ಇಲ್ಲ.

ಬೈಬಲ್ಲಿನ ವಿಮೋಚನಕಾಂಡದ ಎರಡನೆಯ ಅಧ್ಯಾಯವನ್ನು ಈಗ ಮತ್ತೊಮ್ಮೆ ಓದಿ ನೋಡಿ. ಈಜಿಪ್ಟಿನ ದೊರೆ ಫರೋಹನ ಮಗಳು ಪರಜನಾಂಗದ ಮಗು ಮೋಶೆಯನ್ನು ನದಿಯಿಂದ ಎತ್ತಿಕೊಂಡು ಮಗನನ್ನಾಗಿ ಮಾಡಿಕೊಂಡ ಕಥೆ ಅದು. ನಮ್ಮ ಕಾಲದ ಭಾಷೆಯಲ್ಲಿ ಅಂತರರಾಷ್ಟ್ರೀಯ ದತ್ತುವೇ. ಅಲ್ಲಿ ಹೆತ್ತ ತಾಯಿ ಕಥೆಯಿಂದ ಮಾಯವಾಗುವುದಿಲ್ಲ. ಆಕೆಯೇ ಮಗುವಿಗೆ ಹಾಲೂಡುತ್ತಾಳೆ, ಅಕ್ಕ ದೂರದಲ್ಲಿ ನಿಂತು ಕಾಯುತ್ತಾಳೆ. ಮೋಶೆ ದೊಡ್ಡವನಾದ ಮೇಲೆ ತನ್ನ ಜನ ಯಾರೆಂಬುದನ್ನು ಮರೆಯುವುದೂ ಇಲ್ಲ. ದತ್ತು ಎಂದರೆ ಮಗುವಿನ ಹಿಂದಿನ ಕಥೆಯನ್ನು ಒರೆಸಿ ನಮ್ಮ ಕಥೆ ಬರೆಯುವುದು ಎಂಬ ಭ್ರಮೆಗೆ ಬೈಬಲ್ಲು ಇಲ್ಲಿ ಜಾಗವನ್ನೇ ಕೊಟ್ಟಿಲ್ಲ.

ಹನ್ನಳ ಬಗ್ಗೆ ನಿಮಗಿರುವ ಸಿಟ್ಟು ನನಗೆ ಅರ್ಥವಾಗುತ್ತದೆ, ಅದರ ಬಹುಪಾಲು ಹನ್ನಳಿಗಿಂತ ಆಕೆಯ ಕಥೆಯನ್ನು ನಿಮ್ಮ ಮೇಲೆ ಪ್ರಯೋಗಿಸುವವರ ಮೇಲಿನದು ಎಂದೂ ಅನಿಸುತ್ತದೆ. ‘ಹನ್ನ ಅತ್ತಳು, ದೇವರು ಕೊಟ್ಟರು, ನೀನೂ ಅಳು’ ಎಂಬುದು ಆಕೆಯ ಕಥೆ ಹೇಳುವ ಬೈಬಲ್ ಅಧ್ಯಾಯದ ಸಾರವಲ್ಲ. ಅಲ್ಲಿ ಯಾಜಕ ಏಲಿ ಆಕೆಯ ಪ್ರಾರ್ಥನೆಯನ್ನು ಕಂಡು ಕುಡಿದಿದ್ದಾಳೆಂದು ಗದರಿಸುತ್ತಾನೆ. ಗಂಡ ಎಲ್ಕಾನ, ಹತ್ತು ಗಂಡುಮಕ್ಕಳಿಗಿಂತ ನಾನು ನಿನಗೆ ಹೆಚ್ಚಲ್ಲವೇ ಎಂದು ಕೇಳುತ್ತಾನೆ. ಗಂಡಂದಿರು ಸಮಾಧಾನ ಹೇಳುವ ರೀತಿ ಮೂರು ಸಾವಿರ ವರ್ಷಗಳಲ್ಲಿ ಹೆಚ್ಚು ಬದಲಾದಂತಿಲ್ಲ. ಅಂದರೆ ಸುತ್ತಲಿನವರು, ದೇವಾಲಯದವರೂ ಸೇರಿ, ಒಬ್ಬ ಹೆಣ್ಣಿನ ದುಃಖವನ್ನು ಎಷ್ಟು ತಪ್ಪಾಗಿ ಓದಬಲ್ಲರು ಎಂಬುದನ್ನು ಆ ಅಧ್ಯಾಯ ಮುಚ್ಚಿಡದೆ ಹೇಳುತ್ತದೆ. ಅಷ್ಟರ ಮಟ್ಟಿಗೆ ಹನ್ನ ನಿಮ್ಮ ಪಕ್ಷದವಳೇ.

ಅಬ್ರಹಾಮನ ಕಥೆಯನ್ನು ಉದಾಹರಿಸುವವರಿಗೂ ಒಂದು ಮಾತು ಹೇಳಬೇಕು. ಎಪ್ಪತ್ತೈದನೆಯ ವಯಸ್ಸಿನಲ್ಲಿ ಕರೆ ಪಡೆದ ಆತ ನೂರನೆಯ ವಯಸ್ಸಿನಲ್ಲಿ ಮಗ ಇಸಾಕನನ್ನು ಕಂಡದ್ದು ನಿಜ. ಆದರೆ ಆತನಿಗೆ ವಾಗ್ದಾನವಿತ್ತು. ನಿಮಗೆ ಮಗು ಸಿಕ್ಕೇ ಸಿಗುತ್ತದೆ ಎಂದು ದೇವರು ಎಲ್ಲಿಯೂ ಮಾತು ಕೊಟ್ಟಿಲ್ಲ. ಈ ವಾಕ್ಯ ಕಠೋರವಾಗಿ ಕೇಳಿಸುತ್ತದೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಕೊಡದ ವಾಗ್ದಾನವನ್ನು ಕೊಟ್ಟಿದ್ದಾರೆಂದು ನಂಬಿ ಕಾಯುವವರು, ಅದು ಈಡೇರದಿದ್ದಾಗ ದೇವರನ್ನೇ ಸುಳ್ಳುಗಾರನೆಂದು ತಿಳಿಯಬೇಕಾಗುತ್ತದೆ, ಇಲ್ಲವೇ ತಮ್ಮ ವಿಶ್ವಾಸದಲ್ಲೇ ಕೊರತೆಯಿದೆ ಎಂದು ತಮ್ಮನ್ನು ತಾವೇ ದಂಡಿಸಿಕೊಳ್ಳಬೇಕಾಗುತ್ತದೆ. ನೀವು ಈಗ ಎರಡನೆಯದನ್ನು ಮಾಡುತ್ತಿದ್ದೀರಿ. ಕೊಟ್ಟಿರುವ ಮಾತು ಜೊತೆಗಿರುತ್ತೇನೆ ಎಂಬುದಷ್ಟೇ, ಅದು ಮಗು ಬಂದರೂ ಬರದಿದ್ದರೂ ನಿಲ್ಲುವಂಥದ್ದು.

ವಿಶ್ವಾಸ ಸತ್ತಿದೆಯೇ ಎಂಬ ನಿಮ್ಮ ಪ್ರಶ್ನೆಗೆ: ಸತ್ತ ವಿಶ್ವಾಸ ಸಿಟ್ಟಾಗುವುದಿಲ್ಲ, ಪತ್ರ ಬರೆದು ಕೇಳುವುದೂ ಇಲ್ಲ. ಬೈಬಲ್ಲಿನ ಕೀರ್ತನೆಗಳಲ್ಲಿ ಮೂರರಲ್ಲೊಂದು ಭಾಗದಷ್ಟು ಗೋಳಾಟವೇ ಇದೆ. ಹದಿಮೂರನೆಯ ಕೀರ್ತನೆ ‘ಎಲ್ಲಿಯ ತನಕ’ ಎಂದು ನಾಲ್ಕು ಬಾರಿ ಕೇಳುತ್ತದೆ. ಎಂಬತ್ತೆಂಟನೆಯದು ಕತ್ತಲೆಯಲ್ಲಿಯೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರದ ಸಾಲನ್ನೂ ಜೋಡಿಸದೆ ಅದನ್ನು ಹಾಗೆಯೇ ಪವಿತ್ರ ಗ್ರಂಥದಲ್ಲಿ ಉಳಿಸಿಕೊಂಡಿದ್ದಾರೆ. ನಿಮ್ಮದೇ ಮಾತುಗಳು ಹುಟ್ಟದ ಈ ದಿನಗಳಲ್ಲಿ ಹದಿಮೂರನೆಯ ಕೀರ್ತನೆಯನ್ನು ದಿನಕ್ಕೊಮ್ಮೆ ಓದಿ, ಅದಕ್ಕಿಂತ ಹೆಚ್ಚನ್ನು ನಿಮ್ಮ ಮೇಲೆ ಹೇರಿಕೊಳ್ಳಬೇಡಿ. ಅದರಲ್ಲಿ ಆರೇ ವಚನಗಳಿವೆ. ನಿಮಗೆ ರಾತ್ರಿಯಾಗುವಾಗ ಪತಿಗೆ ಬೆಳಗಾಗಿರುತ್ತದೆ. ಫೋನಿನಲ್ಲಿ ಇಬ್ಬರೂ ಒಟ್ಟಿಗೆ ಓದಿದರೆ ಒಳ್ಳೆಯದು. ಭಾವ ಬಂದರೆ ಬರಲಿ, ಬರದಿದ್ದರೆ ಓದು ನಿಲ್ಲದಿರಲಿ. ಸಂತ ಪೌಲರು ರೋಮನರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದಲ್ಲಿ, ನಾವೆಲ್ಲರೂ ದೇವರ ಮಕ್ಕಳಾಗಿ ಸ್ವೀಕರಿಸಲ್ಪಡುವುದನ್ನು ಎದುರುನೋಡುತ್ತ ಒಳಗೊಳಗೇ ನರಳುತ್ತೇವೆ ಎಂದು ಹೇಳುತ್ತಾರೆ. ದತ್ತುವಿಗಾಗಿ ಕಾಯುವವರ ನರಳಾಟ ಕ್ರೈಸ್ತ ವಿಶ್ವಾಸಕ್ಕೆ ಹೊರಗಿನದೆಂದು ಯಾರಾದರೂ ಹೇಳಿದರೆ ಅವರಿಗೆ ಈ ಅಧ್ಯಾಯವನ್ನು ತೋರಿಸಿ.

ಚರ್ಚಿನ ಕೆಲವು ದಿನಗಳು ನಿಮಗೆ ಭಾರವಾಗುತ್ತವೆ: ಮೇ ತಿಂಗಳ ತಾಯಂದಿರ ದಿನದ ಭಾನುವಾರ, ಮಕ್ಕಳ ಪ್ರಥಮ ಪರಮಪ್ರಸಾದ, ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನ ಜನ್ಮದಿನದ ಹಬ್ಬ, ಗೋದಲಿಯ ಮುಂದೆ ಎಲ್ಲರೂ ಮಕ್ಕಳನ್ನು ಎತ್ತಿ ತೋರಿಸುವ ಕ್ರಿಸ್ಮಸ್. ಅಂಥ ದಿನ ಬೆಳಗಿನ ಮೊದಲ ಬಲಿಪೂಜೆಗೆ ಹೋಗಿ, ಅಂಗಳದ ಕುಶಲೋಪರಿಗೆ ನಿಲ್ಲದೆ ಬಂದುಬಿಡುವುದರಲ್ಲಿ ಪಾಪವೇನೂ ಇಲ್ಲ. ಇಡೀ ಧರ್ಮಕೇಂದ್ರಕ್ಕೆ ನಿಮ್ಮ ಕಡತದ ಸ್ಥಿತಿಯನ್ನು ವರದಿ ಮಾಡುವ ಹೊಣೆ ನಿಮ್ಮದಲ್ಲ. ಗುರುಗಳೊಬ್ಬರಿಗೂ ನಂಬಿಕಸ್ಥ ಸ್ನೇಹಿತೆಯೊಬ್ಬರಿಗೂ ಗೊತ್ತಿದ್ದರೆ ಸಾಕು. ಉಳಿದವರು ಕೇಳಿದರೆ ‘ಪ್ರಕ್ರಿಯೆ ನಡೆದಿದೆ’ ಎಂಬ ಎರಡು ಪದಗಳ ಉತ್ತರ ಸಾಲುತ್ತದೆ. ಕಾರಾದ ಜಾಲತಾಣದಲ್ಲಿ ಸರತಿಯ ಸಂಖ್ಯೆಯನ್ನು ನೋಡುವುದಕ್ಕೂ ವಾರಕ್ಕೊಂದು ದಿನವನ್ನು ಗೊತ್ತುಮಾಡಿಕೊಂಡು, ಆ ದಿನ ಇಬ್ಬರೂ ಒಟ್ಟಿಗೇ ನೋಡಿ. ನಿದ್ದೆ, ಊಟ ವಾರಗಟ್ಟಲೆ ಕೆಟ್ಟಿದ್ದರೆ ಅಥವಾ ಬದುಕೇ ಬೇಡ ಎನಿಸುತ್ತಿದ್ದರೆ ಅದನ್ನು ವಿಶ್ವಾಸದ ಸಮಸ್ಯೆಯೆಂದು ಇಟ್ಟುಕೊಳ್ಳದೆ ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ತಾಯಿಯವರ ವಿಷಯದಲ್ಲಿ ಸ್ವಲ್ಪ ಉದಾರವಾಗಿರಿ ಎಂದು ಕೇಳಿಕೊಳ್ಳುತ್ತೇನೆ. ಹರಕೆಯೂ ಅವರದೇ, ಅಳುಕೂ ಅವರದೇ, ಎರಡೂ ನಿಮ್ಮ ಮೇಲಿನ ಪ್ರೀತಿಯಿಂದಲೇ ಬಂದಿವೆ. ಅಳುಕಿಗೆ ಒಂದು ಹಳೆಯ ಕಾರಣವೂ ಇದ್ದೀತು. ಅವರ ಯೌವನದಲ್ಲಿ ಕ್ರೈಸ್ತರಿಗೆ ದತ್ತು ಕಾನೂನೇ ಇರಲಿಲ್ಲ. 1956ರ ಹಿಂದೂ ದತ್ತಕ ಕಾಯ್ದೆ ನಮಗೆ ಅನ್ವಯಿಸದು. ಮಗುವನ್ನು ಸಾಕಿಕೊಂಡವರು 1890ರ ಪೋಷಕತ್ವ ಕಾಯ್ದೆಯ ಕೆಳಗೆ ಪೋಷಕರಾಗಬಹುದಿತ್ತೇ ಹೊರತು ಕಾನೂನಿನ ಕಣ್ಣಿಗೆ ತಂದೆತಾಯಿ ಆಗುತ್ತಿರಲಿಲ್ಲ. ಸಾಕುಮಗು ಕೊನೆಯವರೆಗೂ ಸಾಕುಮಗುವಾಗಿಯೇ ಉಳಿಯುತ್ತಿತ್ತು, ಆಸ್ತಿಯ ಮಾತು ಬಂದಾಗ ನೆಂಟರು ಅದನ್ನು ನೆನಪಿಸುತ್ತಿದ್ದರು. ಬಾಲನ್ಯಾಯ ಕಾಯ್ದೆ 2000 ಹಾಗೂ ಅದರ 2006ರ ತಿದ್ದುಪಡಿ ಇದನ್ನು ಬದಲಿಸಿದವು. ಯಾವುದೇ ಧರ್ಮದವರೂ ಆ ಕಾಯ್ದೆಯಡಿ ದತ್ತು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಶಬನಮ್ ಹಾಶ್ಮಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಈಗಿನ ಕಾಯ್ದೆಯ ಪ್ರಕಾರ ದತ್ತು ಆದೇಶದ ದಿನದಿಂದ ಮಗು ಎಲ್ಲ ರೀತಿಯಲ್ಲೂ ನಿಮ್ಮ ಮಗುವೇ. ಕಥೋಲಿಕ ಧರ್ಮಸಭೆಯ ಕಾನೂನಿನ 110ನೇ ವಿಧಿಯೂ ಹಾಗೆಯೇ ಹೇಳುತ್ತದೆ. ಇದನ್ನು ಅವರಿಗೆ ವಿವರಿಸಿ ಹೇಳಿ. ರಕ್ತದ ಮಾತಿಗೆ ನೀವು ವಾದ ಹೂಡಬೇಕಾಗಿಲ್ಲ, ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯವನ್ನು ಒಟ್ಟಿಗೆ ಓದಿ: ಅಲ್ಲಿ ಯೇಸುಸ್ವಾಮಿಯ ವಂಶಾವಳಿ ದಾವೀದನಿಂದ ಇಳಿದು ಬರುವುದು ರಕ್ತದಿಂದ ತಂದೆಯಲ್ಲದ ಜೋಸೆಫರ ಮೂಲಕ, ಮಗುವಿಗೆ ಹೆಸರಿಡುವವರೂ ಜೋಸೆಫರೇ.

ಹರಕೆಯ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಅದು ಅವರ ಭಕ್ತಿ, ಬೇಕಾದರೆ ಜೊತೆಗೆ ಹೋಗಿ ಬನ್ನಿ. ಆದರೆ ಅದರ ಫಲದ ಹೊಣೆಯನ್ನು ನಿಮ್ಮ ತಲೆಯ ಮೇಲೆ ಹೊರಬೇಡಿ, ಮುಂದೆ ಮಗುವಿಗೆ ‘ನಿನ್ನನ್ನು ಬೆಳ್ಳಿ ತೊಟ್ಟಿಲು ಕೊಟ್ಟು ತಂದೆವು’ ಎಂದು ಯಾರೂ ಹೇಳದಂತೆ ನೋಡಿಕೊಳ್ಳಿ.

ಇನ್ನೊಂದು ಕೆಲಸವನ್ನು ಈ ಕಾಯುವ ಕಾಲದಲ್ಲಿಯೇ ಮುಗಿಸಿಕೊಳ್ಳಬೇಕು, ಇದನ್ನು ಬಹಳ ಮಂದಿ ಮುಂದೂಡುತ್ತಾರೆ. ಮಗುವಿನ ವಿವರ ನಿಮ್ಮ ಮುಂದೆ ಬಂದಾಗ ಅದನ್ನು ಕಾದಿರಿಸಲು ಸಿಗುವುದು ಗಂಟೆಗಳ ಲೆಕ್ಕದ ಅವಧಿ. ಒಂದು ಭಾವಚಿತ್ರ, ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ ಕೈಯಲ್ಲಿ ಹಿಡಿದು ಆ ಗಂಟೆಗಳಲ್ಲಿ ದೇವರ ಧ್ವನಿ ಕೇಳಿಸಲಿ ಎಂದು ಕೂರುವವರಿಗೆ ಸಾಮಾನ್ಯವಾಗಿ ತಮ್ಮ ಭಯದ ಧ್ವನಿಯೋ ಆತುರದ ಧ್ವನಿಯೋ ಕೇಳಿಸುತ್ತದೆ. ಯಾವ ಬಗೆಯ ಕಾಯಿಲೆ ಇರುವ ಮಗುವನ್ನು ನಾವು ಸಾಕಬಲ್ಲೆವು, ಯಾವುದು ನಮ್ಮ ಶಕ್ತಿಗೆ ಮೀರಿದ್ದು, ವರದಿ ನೋಡಿ ಹೇಳಬಲ್ಲ ಮಕ್ಕಳ ವೈದ್ಯರು ಯಾರು ಎಂಬುದನ್ನು ನೀವೂ ಪತಿಯೂ ಈಗಲೇ ಪ್ರಾರ್ಥಿಸಿ, ಚರ್ಚಿಸಿ, ಬರೆದಿಟ್ಟುಕೊಳ್ಳಿ. ಒಂದು ಮಗುವಿನ ವಿವರಕ್ಕೆ ‘ಆಗದು’ ಎನ್ನಬೇಕಾಗಿ ಬಂದರೆ ಅದು ಪಾಪವಲ್ಲ; ಸಾಕಲಾಗದ ಮಗುವನ್ನು ಅಪರಾಧಪ್ರಜ್ಞೆಯಿಂದ ಒಪ್ಪಿಕೊಳ್ಳುವುದು ಆ ಮಗುವಿಗೇ ಅನ್ಯಾಯ. ಸರತಿ ಬೇಗ ಬರಲೆಂದು ದೊಡ್ಡ ಮಗುವನ್ನೋ ವಿಶೇಷ ಆರೈಕೆಯ ಮಗುವನ್ನೋ ಆರಿಸುವ ಬಗ್ಗೆಯೂ ಇದೇ ಮಾತು. ಮನಸ್ಸು ನಿಜವಾಗಿ ಆ ಕಡೆಗೆ ತಿರುಗಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಯಾವ ಮಗುವೂ ನಾವು ದೇವರಿಗೆ ಸಲ್ಲಿಸುವ ತ್ಯಾಗವಾಗಿ ಮನೆಗೆ ಬರಬಾರದು.

ನಿಮಗೊಂದು ಮಗು ನಿಗದಿಯಾದ ಮೇಲೂ ಕಾಯುವುದು ಮುಗಿಯುವುದಿಲ್ಲ. ಎರಡೂ ದೇಶಗಳ ಒಪ್ಪಿಗೆ, ಕಾರಾದ ನಿರಾಕ್ಷೇಪಣಾ ಪತ್ರ, ಜಿಲ್ಲಾಧಿಕಾರಿಗಳ ದತ್ತು ಆದೇಶ, ಪಾಸ್‌ಪೋರ್ಟ್, ವೀಸಾ ಎಂದು ತಿಂಗಳುಗಳೇ ಹಿಡಿಯುತ್ತವೆ. 2022ರ ಸೆಪ್ಟೆಂಬರ್‌ನಿಂದ ಈ ಆದೇಶ ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಗಳಿಂದ ಬರುತ್ತಿದೆ, ಅದಕ್ಕೆ ಎರಡು ತಿಂಗಳ ಗಡುವು ಇದೆ. ಮಗುವಿನ ಮುಖ ನೋಡಿದ ಮೇಲಿನ ಈ ಕಾಯುವಿಕೆಯೇ ಹೆಚ್ಚು ಸುಡುತ್ತದೆ ಎಂದು ಬಹಳ ಮಂದಿ ಹೇಳುತ್ತಾರೆ. ನಿರಾಕ್ಷೇಪಣಾ ಪತ್ರ ಬಂದ ಮೇಲೆ, ಆದೇಶಕ್ಕೆ ಮೊದಲು, ಭಾರತದೊಳಗೆ ಮಗುವನ್ನು ತಾತ್ಕಾಲಿಕವಾಗಿ ನಿಮ್ಮ ಪೋಷಣೆಯಲ್ಲಿ ಇಟ್ಟುಕೊಳ್ಳಲು ನಿಯಮಗಳಲ್ಲಿ ಅವಕಾಶವಿದೆ. ದಾವಣಗೆರೆಯಲ್ಲಿ ನಿಮಗೆ ತವರುಮನೆ ಇರುವುದರಿಂದ ಅನೇಕ ಅನಿವಾಸಿ ದಂಪತಿಗಳಿಗಿಲ್ಲದ ಅನುಕೂಲ ನಿಮಗಿದೆ. ಆ ಕಾಲಕ್ಕೆ ರಜೆಯನ್ನು ಉಳಿಸಿಕೊಳ್ಳಿ.

ಕೊನೆಯದಾಗಿ, ಹೆಸರು ಹಿಂತೆಗೆದುಕೊಳ್ಳಬೇಕೇ ಎಂಬ ಪ್ರಶ್ನೆ. ಲೊಯೊಲದ ಸಂತ ಇಗ್ನೇಷಿಯಸರ ಒಂದು ನಿಯಮವಿದೆ: ಮನಸ್ಸು ಒಣಗಿ ಕತ್ತಲಾಗಿರುವ ಹೊತ್ತಿನಲ್ಲಿ, ಬೆಳಕಿದ್ದಾಗ ಕೈಗೊಂಡ ತೀರ್ಮಾನವನ್ನು ಬದಲಾಯಿಸಬಾರದು. ಹಾಗೆಂದು ಅದನ್ನು ಎಂದಿಗೂ ಬದಲಾಯಿಸಬಾರದು ಎಂದು ಅವರು ಹೇಳಲಿಲ್ಲ. ಈಗ ನೀವು ಪತಿಯಿಂದ ದೂರ ಇದ್ದೀರಿ, ತಾಯಿಯ ಶುಶ್ರೂಷೆಯಲ್ಲಿ ಬಳಲಿದ್ದೀರಿ, ಮೇಲೆ ಆ ಆಸ್ಪತ್ರೆಯ ಪ್ರಸ್ತಾಪ ಬೇರೆ. ಇಂಥ ಹೊತ್ತಿನಲ್ಲಿ ಹಿಂತೆಗೆದುಕೊಳ್ಳುವ ತೀರ್ಮಾನ ಬೇಡ. ನೀವು ಟೆಕ್ಸಾಸ್‌ಗೆ ಮರಳಿದ ಮೇಲೆ, ಕಾಗದಪತ್ರಗಳ ಮುಂದಿನ ನವೀಕರಣಕ್ಕೆ ಒಂದೆರಡು ತಿಂಗಳು ಮುಂಚೆ, ಇಬ್ಬರೂ ಎದುರುಬದುರು ಕುಳಿತು ಈ ಮಾತನ್ನು ಎತ್ತಿಕೊಳ್ಳಿ. ಮುಂದುವರಿಯದಿರಲು ಆಗ ಇಬ್ಬರೂ ಸಮಾಧಾನದಿಂದ ತೀರ್ಮಾನಿಸಿದರೆ ಅದನ್ನು ಅವಿಶ್ವಾಸವೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ಅದಕ್ಕೆ ಮೊದಲು ನಿಮ್ಮ ದತ್ತು ಸಂಸ್ಥೆಗೆ ಪತ್ರ ಬರೆದು ಮೂರು ವಿಷಯಗಳಿಗೆ ಲಿಖಿತ ಉತ್ತರ ಪಡೆಯಿರಿ: ಸರತಿಯಲ್ಲಿ ಈಗ ನಿಮ್ಮ ಸ್ಥಾನ ಎಷ್ಟು, ಮೂರು ವರ್ಷ ಚಾಲ್ತಿಯಲ್ಲಿರುವ ಗೃಹ ಅಧ್ಯಯನ (ಮನೆ ಪರಿಶೀಲನೆ) ವರದಿಯ ಅವಧಿ ಎಂದು ಮುಗಿಯುತ್ತದೆ, ಮಗುವಿನ ವಯಸ್ಸಿನ ಆಯ್ಕೆಯನ್ನು ಬದಲಿಸಿದರೆ ನಿಮ್ಮ ಜ್ಯೇಷ್ಠತೆಗೆ ಏನಾಗುತ್ತದೆ. ನಿಮ್ಮ ಮುಂದಿನ ಮಾತುಕತೆ ಈ ಮೂರು ಉತ್ತರಗಳು ಬಂದ ಮೇಲೆ ನಡೆಯಲಿ.